ಪದ ಹುಡುಕಿ ಹೊರಟ ಫ್ಯಾರಡೆ

ಲ್ಯಾಬ್ ವೈವಾದಲ್ಲಿ ಕೇಳುವ ಹಳೇ ಪ್ರಶ್ನೆ ಒಂದಿದೆ. ಆನೋಡ್ ಪಾಸಿಟಿವ್ವಾ, ನೆಗೆಟಿವ್ವಾ? ಪಿಯುಸಿಯಲ್ಲಿ ಎಲೆಕ್ಟ್ರಾಲಿಸಿಸ್ ಓದಿದ ಧೈರ್ಯದ ಮೇಲೆ ಪಾಸಿಟಿವ್ ಅಂದುಬಿಡ್ತೀವಿ. ಹಾಗಾದ್ರೆ ಟಾರ್ಚಿಗೆ ಹಾಕುವ ಸೆಲ್‌ನಲ್ಲಿ? ಅಲ್ಲಿ ಹೊರಗಿನ ಸತುವಿನ ಡಬ್ಬಿಯೇ ಆನೋಡ್, ಮತ್ತು ಅದು ನೆಗೆಟಿವ್. ಇಷ್ಟು ಕೇಳಿದ ಮೇಲೆ ನಮ್ಮಲ್ಲಿ ಅರ್ಧ ಜನ ಮೇಜು ನೋಡೋಕೆ ಶುರು ಮಾಡ್ತೀವಿ.

ತಪ್ಪು ಪದದ್ದಲ್ಲ. ಆನೋಡ್ ಅನ್ನೋ ಪದದೊಳಗೆ ಪಾಸಿಟಿವ್ವೂ ಇಲ್ಲ, ನೆಗೆಟಿವ್ವೂ ಇಲ್ಲ. ಅವೆರಡನ್ನೂ ಬೇಕಂತಲೇ ಹೊರಗಿಟ್ಟು ಆ ಪದವನ್ನು ಕಟ್ಟಿದ್ದಾರೆ. ಹಾಗೆ ಕಟ್ಟಲೇಬೇಕು ಅಂತ ಹಟ ಹಿಡಿದವನು ಮೈಕೆಲ್ ಫ್ಯಾರಡೆ. ಇಂಡಕ್ಷನ್ ನಿಯಮದಿಂದ, ಕೆಪಾಸಿಟರಿನ ಮೇಲೆ ಬರೆಯುವ ಫ್ಯಾರಡ್‌ನಿಂದ ಆತ ನಮಗೆಲ್ಲ ಗೊತ್ತು. ಆದರೆ ಆತ ಪದಗಳ ವಿಷಯದಲ್ಲಿ ಎಷ್ಟು ತಲೆ ಕೆಡಿಸಿಕೊಂಡಿದ್ದ ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ಲಂಡನ್ನಿನೊಳಗೇ ಸೇರಿಹೋಗಿರುವ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಆರೋಗ್ಯ ಸರಿಯಿಲ್ಲದ ಮನುಷ್ಯ, ದುಡಿಮೆ ಕಮ್ಮಿ, ಮನೆಯಲ್ಲಿ ಬಡತನ. ಮೈಕೆಲ್ ಶಾಲೆಯಲ್ಲಿ ಕಲಿತಿದ್ದು ಓದು, ಬರಹ, ಚೂರುಪಾರು ಲೆಕ್ಕ, ಅಷ್ಟೇ. ಆ ಶಾಲೆಯ ಬಗ್ಗೆ ಒಂದು ಕತೆ ಹೇಳ್ತಾರೆ. ಹುಡುಗನಿಗೆ ರ ಅಕ್ಷರ ಹೊರಳುತ್ತಿರಲಿಲ್ಲವಂತೆ. ಅಣ್ಣ ರಾಬರ್ಟನ ಹೆಸರನ್ನೇ ಸರಿಯಾಗಿ ಹೇಳೋಕೆ ಬರ್ತಿರಲಿಲ್ಲ. ಅದನ್ನು ತಿದ್ದೋಕೆ ಮೇಡಂ ಬೆತ್ತ ತರಿಸಲು ಹೊರಟಾಗ, ತಾಯಿ ಬಂದು ಮಕ್ಕಳಿಬ್ಬರನ್ನೂ ಆ ಶಾಲೆಯಿಂದ ಬಿಡಿಸಿಕೊಂಡು ಹೋದಳಂತೆ.

1804ರಲ್ಲಿ, ಹದಿಮೂರರ ಆಸುಪಾಸಿನಲ್ಲಿ, ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಚಿಲ್ಲರೆ ಕೆಲಸದ ಹುಡುಗನಾಗಿ ಸೇರಿದ. ಮರುವರ್ಷದಿಂದ ಅಲ್ಲೇ ಏಳು ವರ್ಷ ಬೈಂಡಿಂಗ್ ಕಲಿಕೆ. ಹೊಲಿಯೋಕೆ ಬಂದ ಪುಸ್ತಕಗಳನ್ನು ಹೊಲಿಯುವ ಮೊದಲು ಓದುವುದು ಆತನ ಅಭ್ಯಾಸ. ಹಾಗೆ ಕೈಗೆ ಸಿಕ್ಕಿದ್ದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ವಿದ್ಯುತ್ತಿನ ಲೇಖನ, ಮತ್ತೆ ಜೇನ್ ಮಾರ್ಸೆಟ್ ಎಂಬಾಕೆ ಸಾಮಾನ್ಯ ಓದುಗರಿಗಾಗಿ ಸಂಭಾಷಣೆಯ ರೂಪದಲ್ಲಿ ಬರೆದ ಕೆಮಿಸ್ಟ್ರಿ ಪುಸ್ತಕ. ನಮಗೆ ಸಿಲಬಸ್ ಇದೆ, ಆತನಿಗೆ ಬೈಂಡಿಂಗಿಗೆ ಬಂದದ್ದೇ ಸಿಲಬಸ್.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಫ್ಯಾರಡೆ ನಾಲ್ಕು ಉಪನ್ಯಾಸ ಕೇಳಿದ, ನೋಟ್ಸ್ ಬರೆದ, ಚಿತ್ರ ಹಾಕಿದ, ಚೆನ್ನಾಗಿ ಬೈಂಡ್ ಮಾಡಿ ಡೇವಿಗೇ ಕಳಿಸಿದ. ಕೆಲಸ ಕೇಳೋಕೆ ಅದಕ್ಕಿಂತ ಒಳ್ಳೆ ರೆಸ್ಯೂಮೆ ಇರಲಾರದು. 1813ರ ಮಾರ್ಚಿನಲ್ಲಿ ಅಲ್ಲಿನ ಲ್ಯಾಬ್ ಸಹಾಯಕನ ಜಾಗ ಖಾಲಿಯಾದಾಗ ಫ್ಯಾರಡೆಗೆ ಕರೆ ಬಂತು. ವಾರಕ್ಕೆ 25 ಶಿಲಿಂಗ್ ಸಂಬಳ, ಮೇಲಿನ ಮಹಡಿಯಲ್ಲಿ ಇರೋಕೆ ಜಾಗ.

ಅದೇ ವರ್ಷ ಡೇವಿ ದಂಪತಿ ಯುರೋಪ್ ಪ್ರವಾಸ ಹೊರಟಾಗ ಫ್ಯಾರಡೆಯೂ ಹೋದ. ಆಂಪಿಯರ್, ವೋಲ್ಟಾ ಅವರನ್ನೆಲ್ಲ ಕಣ್ಣಾರೆ ಕಂಡ. ಆದರೆ ಡೇವಿಯ ಸೇವಕನ ಕೆಲಸವನ್ನೂ ಈತನ ತಲೆಗೇ ಕಟ್ಟಲಾಗಿತ್ತು. ಡೇವಿಯ ಹೆಂಡತಿಯಂತೂ ಆತನನ್ನು ಆಳಿನಂತೆಯೇ ಕಂಡಳು. ತಾನು ಯಾವ ಮನೆಯಿಂದ ಬಂದವನು, ಓದಿದವರ ಮಧ್ಯೆ ತನ್ನ ಜಾಗ ಎಲ್ಲಿ ಎಂಬುದು ಆ ಪ್ರವಾಸದಲ್ಲಿ ಫ್ಯಾರಡೆಗೆ ದಿನವೂ ನೆನಪಾಗುತ್ತಿತ್ತು.

ವಾಪಸ್ ಬಂದ ಮೇಲೆ ಪ್ರಯೋಗದ ಜೊತೆಗೆ ಆತ ಭಾಷೆಯನ್ನೂ ಹಟಕ್ಕೆ ಬಿದ್ದು ಕಲಿತ. ಎಡ್ವರ್ಡ್ ಮಗ್ರಾತ್ ಎಂಬ ಸ್ನೇಹಿತನಿಂದ ವ್ಯಾಕರಣ, ಉಚ್ಚಾರಣೆ ತಿದ್ದಿಸಿಕೊಂಡ. ಬೆಂಜಮಿನ್ ಸ್ಮಾರ್ಟ್ ಎಂಬ ಮೇಷ್ಟ್ರ ಬಳಿ ಭಾಷಣ ಕಲೆಯ ಪಾಠಕ್ಕೆ ಹೋದ. ಮುಂದೆ ಲಂಡನ್ನಿನ ಜನ ಆತನ ಉಪನ್ಯಾಸಕ್ಕೆ ಮುಗಿಬೀಳುತ್ತಿದ್ದರು ಅಂದ್ರೆ ಅದರ ಹಿಂದೆ ಇಷ್ಟು ವರ್ಷದ ದುಡಿಮೆ ಇತ್ತು. ಗಣಿತ ಮಾತ್ರ ಕೊನೆವರೆಗೂ ಕೈಗೆ ಬರಲಿಲ್ಲ. ಆತನ ಸಂಶೋಧನಾ ಬರಹಗಳು ಸಮೀಕರಣಗಳ ಮೇಲೆ ನಿಂತಿಲ್ಲ. ಇದು ಮುಂದಿನ ಕತೆಗೆ ಮುಖ್ಯ. ನ್ಯೂಟನ್‌ನಂಥವರು ಸಮೀಕರಣದಲ್ಲಿ ಹೇಳುವುದನ್ನು ಫ್ಯಾರಡೆ ಪದಗಳಲ್ಲೇ ಹೇಳಬೇಕಿತ್ತು. ಪದ ಜಾರಿದರೆ ಆತನ ವಿಚಾರವೂ ಜಾರಿದಂತೆ.

1821ರಲ್ಲಿ ಕರೆಂಟ್ ಹರಿಯುವ ತಂತಿ ಆಯಸ್ಕಾಂತದ ಸುತ್ತ ತಿರುಗುವಂತೆ ಮಾಡಿದ. ನಮ್ಮ ಮೋಟಾರುಗಳ ಮೂಲ ಅದು. ಅದೇ ವರ್ಷ ಸಾರಾ ಬರ್ನಾರ್ಡ್ ಜೊತೆ ಮದುವೆ. 1825ರಲ್ಲಿ ಬೆಂಜೀನ್ ಪತ್ತೆ. 1831ರ ಆಗಸ್ಟ್ 29ರಂದು ಕಬ್ಬಿಣದ ಉಂಗುರಕ್ಕೆ ಎರಡು ಸುರುಳಿ ಸುತ್ತಿ ಇಂಡಕ್ಷನ್ ಕಂಡ. ಇವೆಲ್ಲ ನಿಮಗೆ ಗೊತ್ತಿರೋದೇ, ಪಾಠದಲ್ಲಿ ಬಂದೇ ಬರುತ್ತೆ. ನಾವು 1833ಕ್ಕೆ ಹೋಗೋಣ.

ಆ ಕಾಲದಲ್ಲಿ ಬ್ಯಾಟರಿಯಿಂದ ದ್ರಾವಣದೊಳಗೆ ಇಳಿಬಿಟ್ಟ ಎರಡು ಲೋಹದ ತುದಿಗಳಿಗೆ 'ಪೋಲ್' ಅನ್ನುತ್ತಿದ್ದರು. ಧ್ರುವ, ಆಯಸ್ಕಾಂತಕ್ಕಿರುವ ಹಾಗೆ. ಹೆಸರಿನಲ್ಲೇ ಒಂದು ಸಿದ್ಧಾಂತ ಅವಿತು ಕೂತಿತ್ತು: ಆಯಸ್ಕಾಂತ ಕಬ್ಬಿಣವನ್ನು ಎಳೆದಂತೆ ಈ ಧ್ರುವಗಳು ದ್ರಾವಣದ ಕಣಗಳನ್ನು ತಮ್ಮ ಕಡೆ ಎಳೆದು ಸೀಳುತ್ತವೆ. ಫ್ಯಾರಡೆಗೆ ಇದು ನಿಜವಾ ಅಂತ ಅನುಮಾನ ಬಂತು. ಎಳೆಯುವುದು ಲೋಹದ ಧ್ರುವವೇ ಆಗಿದ್ದರೆ, ಲೋಹವನ್ನು ತೆಗೆದುಬಿಟ್ಟರೆ ವಿಭಜನೆ ನಿಲ್ಲಬೇಕು ಅಲ್ವಾ?

ಅದಕ್ಕೆ ಆತ ಮಾಡಿದ ಪ್ರಯೋಗದಲ್ಲಿ ನಮ್ಮ ಅಡುಗೆಮನೆಯ ಸಾಮಾನೊಂದು ಬರುತ್ತೆ. ಒಂದು ತುಂಡು ಲಿಟ್ಮಸ್ ಕಾಗದ, ಒಂದು ತುಂಡು ಅರಿಶಿನದ ಕಾಗದ. ಎರಡನ್ನೂ ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ತೋಯಿಸಿ ಒಂದಕ್ಕೊಂದು ತಾಗುವಂತೆ ಇಟ್ಟ. ಎರಡೂ ಕಡೆ ಲೋಹದ ಸೂಜಿಮೊನೆಗಳನ್ನು ಕಾಗದಕ್ಕೆ ತಾಗದಂತೆ, ನಡುವೆ ಗಾಳಿ ಬಿಟ್ಟು ನಿಲ್ಲಿಸಿದ. ಘರ್ಷಣ ಯಂತ್ರದ ವಿದ್ಯುತ್ತು ಗಾಳಿಯ ಮೂಲಕವೇ ಹಾಯುವಂತೆ ಮಾಡಿದ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗೋದು ಆರತಿಯ ಓಕುಳಿ ಕಲೆಸಿದ ಯಾವ ಮನೆಗೂ ಹೊಸದಲ್ಲ. ಅಲ್ಲೂ ಅದೇ ಆಯ್ತು. ಒಂದು ತುದಿಯಲ್ಲಿ ಕ್ಷಾರ ಹುಟ್ಟಿ ಅರಿಶಿನ ಕೆಂಪಾಯ್ತು, ಇನ್ನೊಂದು ತುದಿಯಲ್ಲಿ ಆಮ್ಲ ಹುಟ್ಟಿ ಲಿಟ್ಮಸ್ ಕೆಂಪಾಯ್ತು. ಕಾಗದಕ್ಕೆ ತಾಗಿದ ಲೋಹವೇ ಇಲ್ಲ, ಆದರೂ ವಿಭಜನೆ ನಡೆದಿದೆ.

ಅಂದ ಮೇಲೆ ಕೆಲಸ ನಡೆಯೋದು ದ್ರಾವಣದ ಒಳಗೇ, ಕರೆಂಟ್ ಹಾಯುವ ದಾರಿಯುದ್ದಕ್ಕೂ. ಲೋಹದ ತುದಿಗಳು ಎಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ. ಅವು ಕರೆಂಟ್ ಒಳಗೆ ಬರುವ, ಹೊರಗೆ ಹೋಗುವ ಬಾಗಿಲುಗಳು ಮಾತ್ರ. ಹಾಗಿದ್ದ ಮೇಲೆ 'ಪೋಲ್' ಅಂತ ಕರೆಯುತ್ತಾ ಇದ್ದರೆ ಓದುವವನ ತಲೆಯಲ್ಲಿ ಹಳೇ ಸಿದ್ಧಾಂತವೇ ಓಡುತ್ತಿರುತ್ತೆ. ಪ್ರಯೋಗ ಒಂದು ಹೇಳಿದರೆ ಪದ ಇನ್ನೊಂದು ಹೇಳುತ್ತೆ. ಪದ ಬದಲಾಗಲೇಬೇಕಿತ್ತು.

ಫ್ಯಾರಡೆಗೆ ಗ್ರೀಕ್ ಬರದು. ಆಗಿನ ಇಂಗ್ಲೆಂಡಿನಲ್ಲಿ ವಿಜ್ಞಾನದ ಹೊಸ ಪದ ಅಂದ್ರೆ ಗ್ರೀಕಿನಿಂದಲೇ ಬರಬೇಕು, ಇಲ್ಲಾಂದ್ರೆ ಯಾರೂ ಮರ್ಯಾದೆ ಕೊಡಲ್ಲ. ಆತ ಮೊದಲು ತನ್ನ ವೈದ್ಯ ಮಿತ್ರ ವಿಟ್ಲಾಕ್ ನಿಕೋಲ್ ಅವರನ್ನು ಕೇಳಿದ. ಅವರ ನೆರವಿನಿಂದ 'ಎಲೆಕ್ಟ್ರೋಡ್', 'ಎಲೆಕ್ಟ್ರೋಲೈಟ್' ಬಂದವು. ಗ್ರೀಕಿನಲ್ಲಿ 'ಹೋಡೋಸ್' ಅಂದ್ರೆ ದಾರಿ. ಎಲೆಕ್ಟ್ರೋಡ್ ಅಂದ್ರೆ ವಿದ್ಯುತ್ತಿನ ದಾರಿ. 'ಲೈಸಿಸ್' ಅಂದ್ರೆ ಬಿಚ್ಚುವುದು, ಸಡಿಲಿಸುವುದು. ಎಲೆಕ್ಟ್ರೋಲೈಟ್ ಅಂದ್ರೆ ವಿದ್ಯುತ್ತಿನಿಂದ ಬಿಚ್ಚಿಕೊಳ್ಳುವಂಥದ್ದು. ಆದರೆ ಎರಡು ಬಾಗಿಲುಗಳಿಗೆ ಬೇರೆ ಬೇರೆ ಹೆಸರು ಬೇಕಲ್ಲ? ಒಳದಾರಿ ಅನ್ನೋಕೆ 'ಐಸೋಡ್', ಹೊರದಾರಿ ಅನ್ನೋಕೆ 'ಎಕ್ಸೋಡ್' ಅಂತ ಒಂದು ಜೋಡಿ ಸಿಕ್ಕಿತು. ಪೂರ್ವ ಪಶ್ಚಿಮ ಸೇರಿಸಿ ಕಟ್ಟಿದ ಜೋಡಿಗಳೂ ಪಟ್ಟಿಯಲ್ಲಿದ್ದವು. ಯಾವುದೂ ಮನಸ್ಸಿಗೆ ಬರಲಿಲ್ಲ.

ಪ್ರಬಂಧವನ್ನು 1834ರ ಆರಂಭದಲ್ಲೇ ರಾಯಲ್ ಸೊಸೈಟಿಯಲ್ಲಿ ಓದಿಯಾಗಿತ್ತು, ಇನ್ನು ಅಚ್ಚಿಗೆ ಹೋಗಬೇಕು. ಏಪ್ರಿಲ್ 24ರಂದು ಫ್ಯಾರಡೆ ಕೇಂಬ್ರಿಡ್ಜಿನ ವಿಲಿಯಂ ಹ್ಯೂಯೆಲ್‌ಗೆ ಪತ್ರ ಬರೆದ. ಹ್ಯೂಯೆಲ್ ಲ್ಯಾಂಕಾಸ್ಟರಿನ ಬಡಗಿಯ ಮಗ. ಸ್ಕಾಲರ್‌ಶಿಪ್ಪಿನ ಬಲದಿಂದ ಟ್ರಿನಿಟಿ ಕಾಲೇಜಿಗೆ ಸೇರಿ, ಮುಂದೆ ಅದರ ಮುಖ್ಯಸ್ಥನೇ ಆದವನು. ಗ್ರೀಕು, ಗಣಿತ, ಭೂವಿಜ್ಞಾನ, ತತ್ತ್ವಶಾಸ್ತ್ರ, ಎಲ್ಲದರಲ್ಲೂ ಕೈಯಾಡಿಸಿದ ಪಂಡಿತ. 'ಸೈಂಟಿಸ್ಟ್' ಎಂಬ ಪದವನ್ನು ಇಂಗ್ಲಿಷಿಗೆ ಕೊಟ್ಟವನೂ ಇವನೇ. ಕಮ್ಮಾರನ ಮಗ ಬಡಗಿಯ ಮಗನಿಗೆ ಪತ್ರ ಬರೆದು ಎರಡು ಪದ ಕೇಳಿದ. ಉತ್ತರ ಬರೆದದ್ದು ಮರುದಿನವೇ: 'ಆನೋಡ್', 'ಕ್ಯಾಥೋಡ್'.

ಇವು ಎಲ್ಲಿಂದ ಬಂದವು ನೋಡಿ. 'ಆನಾ' ಅಂದ್ರೆ ಮೇಲೆ, 'ಕಾಟಾ' ಅಂದ್ರೆ ಕೆಳಗೆ. ಆನೋಡ್ ಏರುವ ದಾರಿ, ಕ್ಯಾಥೋಡ್ ಇಳಿಯುವ ದಾರಿ. ಏರೋದು ಇಳಿಯೋದು ಯಾವುದು? ಸೂರ್ಯ. ಭೂಮಿಯ ಆಯಸ್ಕಾಂತತ್ವಕ್ಕೆ ಭೂಮಿಯ ಸುತ್ತ ಹರಿಯುವ ಕರೆಂಟ್ ಕಾರಣ ಅಂತ ಊಹಿಸಿದರೆ, ಆ ಕರೆಂಟ್ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ಸೂರ್ಯ ಸಾಗಿದಂತೆ ಕಾಣುವ ದಿಕ್ಕಿನಲ್ಲೇ ಹರಿಯಬೇಕು. ನಮ್ಮ ಸೆಲ್ಲನ್ನು ಅದಕ್ಕೆ ಸಮಾಂತರವಾಗಿ ಇಟ್ಟಿದ್ದೇವೆ ಅಂದುಕೊಳ್ಳಿ. ಕರೆಂಟ್ ಒಳಗೆ ಬರುವ ಬಾಗಿಲು ಸೂರ್ಯ ಏರುವ ಪೂರ್ವಕ್ಕಿರುತ್ತೆ, ಹೊರಹೋಗುವ ಬಾಗಿಲು ಸೂರ್ಯ ಇಳಿಯುವ ಪಶ್ಚಿಮಕ್ಕೆ. ಅಷ್ಟೇ. ಪಾಸಿಟಿವ್ ನೆಗೆಟಿವ್ ಮಾತೇ ಇಲ್ಲ. ವಿದ್ಯುತ್ತು ಒಂದು ದ್ರವವೋ ಎರಡು ದ್ರವವೋ, ಅದು ನಿಜಕ್ಕೂ ಯಾವ ಕಡೆ ಹರಿಯುತ್ತೋ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯದ್ದನ್ನು ಹೆಸರಿನಲ್ಲಿ ತೀರ್ಮಾನ ಮಾಡಬಾರದು ಅನ್ನೋದೇ ಫ್ಯಾರಡೆಯ ಹಟ.

ಅದೇ ಪತ್ರವ್ಯವಹಾರದಲ್ಲಿ ಇನ್ನೂ ಮೂರು ಪದ ಬಂದವು. 'ಅಯಾನ್', ಅಂದ್ರೆ ಹೋಗುವಂಥದ್ದು. ಆನೋಡಿನ ಕಡೆ ಹೋಗುವುದು 'ಆನಯಾನ್', ಕ್ಯಾಥೋಡಿನ ಕಡೆ ಹೋಗುವುದು 'ಕ್ಯಾಟಯಾನ್'. ಲಂಡನ್ನಿನ ಸ್ನೇಹಿತರು ಸುಮ್ಮನಿರಲಿಲ್ಲ. ಇದು ಸರಿಯಿಲ್ಲ, ಅದು ಸರಿಯಿಲ್ಲ ಅಂತ ಆಕ್ಷೇಪ ಎತ್ತಿದರು. ಅಪ್ಪ, ಮಗ, ಕತ್ತೆ ಸಂತೆಗೆ ಹೊರಟ ಕತೆ ಇದೆಯಲ್ಲ, ತನ್ನ ಸ್ಥಿತಿ ಅದೇ ಆಗಿದೆ ಅಂತ ಫ್ಯಾರಡೆ ಮೇ ತಿಂಗಳಲ್ಲಿ ಹ್ಯೂಯೆಲ್‌ಗೆ ಬರೆದ. ಆದರೆ ಈ ಪದಗಳ ಹಿಂದೆ ಹ್ಯೂಯೆಲ್ ಇದ್ದಾನೆ ಅಂತ ಹೇಳಿದ್ದೇ ತಡ, ಆಕ್ಷೇಪಗಳೆಲ್ಲ ಕರಗಿಹೋದವಂತೆ. ಕೇಂಬ್ರಿಡ್ಜಿನ ಹೆಸರಿಗೆ ಆಗಲೂ ಅಷ್ಟು ತೂಕ! ಪ್ರಬಂಧ ಹೊಸ ಪದಗಳೊಂದಿಗೇ ಅಚ್ಚಾಯಿತು.

ಆನೋಡ್, ಕ್ಯಾಥೋಡ್, ಎಲೆಕ್ಟ್ರೋಡ್. ಇಂಗ್ಲಿಷಿನಲ್ಲಿ ಬರೆದು ನೋಡಿದರೆ ಮೂರರ ಕೊನೆಗೂ ಓ, ಡಿ, ಇ ಎಂಬ ಮೂರೇ ಅಕ್ಷರ. ಮುಂದೆ ಈ ಮೂರಕ್ಷರ ಒಂದು ಕುಟುಂಬವನ್ನೇ ಬೆಳೆಸಿತು. 1919ರಲ್ಲಿ ವಿಲಿಯಂ ಎಕಲ್ಸ್ ಎರಡು ಎಲೆಕ್ಟ್ರೋಡಿನ ವಾಲ್ವಿಗೆ 'ಡಯೋಡ್' ಅಂತ ಹೆಸರಿಟ್ಟ. ಮೂರಿದ್ದರೆ ಟ್ರಯೋಡ್, ನಾಲ್ಕಿದ್ದರೆ ಟೆಟ್ರೋಡ್, ಐದಿದ್ದರೆ ಪೆಂಟೋಡ್. ವಾಲ್ವ್ ಹೋಗಿ ಸೆಮಿಕಂಡಕ್ಟರ್ ಬಂದರೂ ಹೆಸರು ಉಳಿಯಿತು. ನಿಮ್ಮ ಹಾಸ್ಟೆಲ್ ರೂಮಿನ ಎಲ್‌ಇಡಿಯ ಕೊನೆಯ ಡಿ ಇದೇ ಡಯೋಡ್.

ಕುಟುಂಬದ ಹಳೇ ಶಾಖೆಗಳೂ ಇವೆ, ಅವು ಫ್ಯಾರಡೆಗಿಂತ ಬಹಳ ಹಿಂದಿನವು. ಬೈಕಿನ ಓಡೋಮೀಟರ್ ದಾರಿ ಅಳೆಯುವುದು. ಪೀರಿಯಡ್ ಸುತ್ತುದಾರಿ, ಒಂದು ಸುತ್ತು ಹೋಗಿ ಬರುವುದು. ಮೆಥಡ್ ಒಂದರ ಹಿಂದೆ ಹೋಗುವ ದಾರಿ. ತಮಾಷೆ ಅಂದ್ರೆ ಫ್ಯಾರಡೆ ಬೇಡ ಅಂದ 'ಐಸೋಡ್' ಕೂಡ ಬೇರೆ ವೇಷದಲ್ಲಿ ಬದುಕಿದೆ. ನಾವು ರಾತ್ರಿ ನಿದ್ದೆಗೆಟ್ಟು ನೋಡುವ ವೆಬ್ ಸೀರೀಸಿನ 'ಎಪಿಸೋಡ್' ಒಳಗೆ ಇರೋದು ಅದೇ ಗ್ರೀಕ್ ಪ್ರವೇಶದ್ವಾರ.

ಹಾಗಂತ ಈ ಅಕ್ಷರಗಳು ಕಂಡಲ್ಲೆಲ್ಲ ನೆಂಟಸ್ತನ ಹೂಡಬೇಡಿ. ಸರ್ಕ್ಯೂಟಿನ ನೋಡ್ ಲ್ಯಾಟಿನ್ನಿನ ಗಂಟು. ನಾವು ಬರೆಯುವ ಕೋಡ್ ಬಂದದ್ದು ಲ್ಯಾಟಿನ್ನಿನಲ್ಲಿ ಪುಸ್ತಕ ಎಂಬ ಅರ್ಥದ ಪದದಿಂದ. ಮೋಡ್ ಅಂದ್ರೆ ಅಳತೆ, ರೀತಿ. ಓಡ್ ಎಂಬ ಪದ್ಯಪ್ರಕಾರ ಗ್ರೀಕೇ ಆದರೂ ಅದರ ಮೂಲ ಹಾಡು, ದಾರಿಯಲ್ಲ. ಅಕ್ಷರ ಒಂದೇ, ಮನೆತನ ಬೇರೆ. ನಮ್ಮ ಕನ್ನಡದ 'ಓಡು' ಕೂಡ ಸಂಬಂಧಿಕನಲ್ಲ, ಆದರೆ ಕರೆಂಟ್ ಓಡುವ ದಾರಿ ಅಂತ ನೆನಪಿಟ್ಟುಕೊಳ್ಳೋಕೆ ಅಡ್ಡಿಯಿಲ್ಲ ಬಿಡಿ.

ಹೆಸರಿನಲ್ಲಿ ತೀರ್ಮಾನ ಮಾಡದೆ ಬಿಟ್ಟದ್ದು ಎಷ್ಟು ಉಪಯೋಗಕ್ಕೆ ಬಂತು ಅನ್ನೋದು ಗೊತ್ತಾಗಿದ್ದು ಫ್ಯಾರಡೆ ಸತ್ತ ಮೇಲೆ. ಅಯಾನುಗಳು ಕರೆಂಟ್ ಹರಿದಾಗ ಮಾತ್ರ ಹುಟ್ಟುತ್ತವೆ ಅಂತ ಆತ ತಿಳಿದಿದ್ದ. ಉಪ್ಪು ನೀರಿನಲ್ಲಿ ಕರಗಿದಾಗಲೇ ಅಯಾನುಗಳಾಗಿ ಬೇರ್ಪಡುತ್ತೆ ಅಂತ 1880ರ ದಶಕದಲ್ಲಿ ಅರ್‍ಹೀನಿಯಸ್ ಹೇಳಿದ. ಪದ ಬದಲಿಸಬೇಕಾಗಲಿಲ್ಲ, ಹೋಗುವಂಥದ್ದು ಆಗಲೂ ಹೋಗುವಂಥದ್ದೇ. 1897ರಲ್ಲಿ ಜೆ.ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳಲ್ಲಿ ಎಲೆಕ್ಟ್ರಾನನ್ನು ಕಂಡ. ತಂತಿಯಲ್ಲಿ ಹರಿಯುವುದು ನಾವು ಬಾಣ ಹಾಕುವ ದಿಕ್ಕಿಗೆ ಉಲ್ಟಾ ಅಂತ ತಿಳಿಯಿತು. ಆಗಲೂ ಆನೋಡ್, ಕ್ಯಾಥೋಡ್ ಅಲುಗಲಿಲ್ಲ.

ಇಬ್ಬರ ಪತ್ರವ್ಯವಹಾರ ನಿಲ್ಲಲಿಲ್ಲ. 'ಡೈಎಲೆಕ್ಟ್ರಿಕ್', 'ಪ್ಯಾರಾಮ್ಯಾಗ್ನೆಟಿಕ್' ಕೂಡ ಹ್ಯೂಯೆಲ್ ನೆರವಿನಿಂದಲೇ ಬಂದವು. ಆದರೆ ಹ್ಯೂಯೆಲ್ ಕೊಟ್ಟಿದ್ದನ್ನೆಲ್ಲ ಫ್ಯಾರಡೆ ಒಪ್ಪುತ್ತಿರಲಿಲ್ಲ. 1840ರಲ್ಲಿ ಹ್ಯೂಯೆಲ್ 'ಫಿಸಿಸಿಸ್ಟ್' ಎಂಬ ಪದ ತಂದಾಗ ಫ್ಯಾರಡೆ ಮುಖ ಸಿಂಡರಿಸಿದ. ಒಂದೇ ಪದದಲ್ಲಿ ಮೂರು ಸಲ ಸಕಾರ, ಬಾಯಿಗೂ ಕಷ್ಟ ಕಿವಿಗೂ ಕಷ್ಟ, ತಾನಂತೂ ಬಳಸಲಾರೆ ಅಂದ. ರ ಹೊರಳದೆ ಶಾಲೆ ಬಿಟ್ಟ ಹುಡುಗನಿಗೆ ಪದ ನಾಲಗೆಗೂ ಒಗ್ಗಬೇಕು ಅನ್ನೋದು ಚೆನ್ನಾಗಿ ಗೊತ್ತಿತ್ತು.

ಆ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು. ತಲೆಸುತ್ತು, ದಣಿವು, ಎಲ್ಲಕ್ಕಿಂತ ಹೆಚ್ಚಾಗಿ ಮರೆವು. 1841ರಲ್ಲಿ ಕೆಲಸ ಬಿಟ್ಟು ಸ್ವಿಟ್ಜರ್ಲೆಂಡಿಗೆ ಹೋಗಿ ಸುಧಾರಿಸಿಕೊಳ್ಳಬೇಕಾಯ್ತು. ಮಾಡಿದ ಪ್ರಯೋಗ ಮರೆತುಹೋಗುತ್ತಿತ್ತು, ಬರೆದಿಟ್ಟದ್ದೇ ಆಸರೆ. ಲ್ಯಾಬ್ ದಿನಚರಿಯ ಪ್ಯಾರಾಗಳಿಗೆ 1832ರಿಂದ ಸಾಲಾಗಿ ಸಂಖ್ಯೆ ಹಾಕುತ್ತಾ ಬಂದಿದ್ದ. ಅದು 16,041ರವರೆಗೆ ಹೋಗಿದೆ. ನಮ್ಮ ಲ್ಯಾಬ್ ರೆಕಾರ್ಡನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಆ ಮರೆವಿನ ನಡುವೆಯೇ 1845ರಲ್ಲಿ ಆಯಸ್ಕಾಂತ ಬೆಳಕಿನ ಧ್ರುವೀಕರಣದ ದಿಕ್ಕನ್ನು ತಿರುಗಿಸುವುದನ್ನು ತೋರಿಸಿದ. ಅದೇ ವರ್ಷ 'ಮ್ಯಾಗ್ನೆಟಿಕ್ ಫೀಲ್ಡ್' ಎಂಬ ಮಾತನ್ನೂ ಬಳಸಿದ. ಗ್ರೀಕ್ ಬೇಡ, ಪಂಡಿತರೂ ಬೇಡ, ಹೊಲ ಗದ್ದೆಗೆ ಜನ ಅನ್ನುವ ಪದವೇ ಸಾಕಾಯ್ತು.

ಅದಕ್ಕೆ ಸಮೀಕರಣ ಬರೆದವನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. 1857ರಲ್ಲಿ ಫ್ಯಾರಡೆ ಆ ಚಿಕ್ಕ ವಯಸ್ಸಿನ ಗಣಿತಜ್ಞನಿಗೆ ಒಂದು ಪತ್ರ ಬರೆದ. ಗಣಿತದಿಂದ ಬಂದ ಫಲಿತಾಂಶವನ್ನು ಸಾಮಾನ್ಯ ಭಾಷೆಯಲ್ಲೂ ಅಷ್ಟೇ ಪೂರ್ಣವಾಗಿ, ಅಷ್ಟೇ ಖಚಿತವಾಗಿ ಹೇಳಲು ಆಗದೇ, ನಮ್ಮಂಥವರೂ ಅದರ ಮೇಲೆ ಪ್ರಯೋಗ ಮಾಡಬಹುದಲ್ಲ ಎಂಬುದು ಆ ಪತ್ರದಲ್ಲಿ ಆತ ಕೇಳಿದ ಪ್ರಶ್ನೆ.

ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಎರಡು ಸಲ ಬಂದರೂ ಬೇಡ ಅಂದ. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟಿನಲ್ಲಿ ಮನೆ ಕೊಟ್ಟಳು. ಹ್ಯೂಯೆಲ್ 1866ರ ಮಾರ್ಚಿನಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡ. ಫ್ಯಾರಡೆ 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ ಕೊನೆಯುಸಿರೆಳೆದ. ಹೈಗೇಟ್ ಸ್ಮಶಾನದಲ್ಲಿ ಆತನ ಸಮಾಧಿ ಇದೆ.

ಇನ್ನು ಕನ್ನಡಕ್ಕೆ ಬರೋಣ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಆನೋಡ್ ಅಂದ್ರೆ ಧನಾಗ್ರ, ಕ್ಯಾಥೋಡ್ ಅಂದ್ರೆ ಋಣಾಗ್ರ. ಎಲೆಕ್ಟ್ರಾಲಿಸಿಸ್ ಮಟ್ಟಿಗೆ ಇವು ಸರಿ. ಆದರೆ ಕರೆಂಟ್ ಕೊಡುತ್ತಿರುವ ಸೆಲ್ಲಿಗೆ ಬಂದಾಗ ಧನಾಗ್ರ ಋಣವಾಗಿಬಿಡುತ್ತೆ, ವಿದ್ಯಾರ್ಥಿ ಕಂಗಾಲಾಗ್ತಾನೆ. ಫ್ಯಾರಡೆ ಹೊರಗಿಟ್ಟ ಧನ ಋಣಗಳನ್ನು ನಾವು ವಾಪಸ್ ಒಳಗೆ ಸೇರಿಸಿಕೊಂಡದ್ದರ ಫಲ ಇದು. ಅದೇ ಪಠ್ಯದಲ್ಲಿ ಎಲೆಕ್ಟ್ರೋಡಿಗೆ ಇರುವ ಪದ ನೋಡಿ: ವಿದ್ಯುದ್ವಾರ. ವಿದ್ಯುತ್ತಿನ ಬಾಗಿಲು. ಫ್ಯಾರಡೆ 1833ರಿಂದ ಹೇಳಲು ಹೊರಟದ್ದು ಅದನ್ನೇ. ಇಂಗ್ಲಿಷ್ ಪದದ ಅಕ್ಷರಗಳನ್ನು ನೋಡದೆ ಅದರೊಳಗಿನ ವಿಚಾರವನ್ನು ನೋಡಿ ಯಾರೋ ಕಟ್ಟಿದ ಪದ ಅದು, ಒಂದು ಕೂದಲೆಳೆಯೂ ಆಚೀಚೆ ಆಗಿಲ್ಲ.

ಮುಂದಿನ ಸಲ ವೈವಾದಲ್ಲಿ ಆನೋಡ್ ಬಗ್ಗೆ ಕೇಳಿದರೆ ಚಿಹ್ನೆ ನೆನೆಸಿಕೊಳ್ಳೋಕೆ ಹೋಗಬೇಡಿ. ಹೊರಗಿನಿಂದ ಕರೆಂಟ್ ಯಾವ ಬಾಗಿಲಿನಿಂದ ಒಳಗೆ ಬರ್ತಿದೆ ಅಂತ ನೋಡಿ, ಅದೇ ಆನೋಡ್. ಎಲೆಕ್ಟ್ರಾಲಿಸಿಸ್ ಆಗಲಿ, ಟಾರ್ಚಿನ ಸೆಲ್ ಆಗಲಿ, ಫಾರ್ವರ್ಡ್ ಬಯಾಸ್ ಆದ ಡಯೋಡ್ ಆಗಲಿ, ಉತ್ತರ ಸರಿ ಬರುತ್ತೆ.